ಓದುಗರ ಪ್ರಶ್ನೆ, ನಮ್ಮ ಉತ್ತರ: ಗುಹೆಯೊಳಗಿನ ನೆಲಜೀರುಂಡೆ

ಕಳೆದ ಸಂಚಿಕೆಯಲ್ಲಿ ಗುಹೆಗಳ ಜೀವಿಗಳನ್ನು ಕುರಿತು ಪ್ರಕಟವಾದ ಟಿಪ್ಪಣಿಯಲ್ಲಿ ಕಣ್ಣಿಲ್ಲದ ನೆಲಜೀರುಂಡೆಗಳ ಪ್ರಸ್ತಾಪ ಒಂದೇ ಸಾಲಿನಲ್ಲಿ ಬಂದುಹೋಗಿತ್ತು. ಅದನ್ನು ಓದಿದ ಹಲವರು ಹೆಚ್ಚಿನ ವಿವರ ಕೇಳಿ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಹೆಚ್ಚಿನ ಪತ್ರಗಳು ಕಣ್ಣಿನ ಸುತ್ತಲೇ ಇದ್ದವು. ಆದರೆ ಈ ಕೀಟ ಕಣ್ಣು ಕಳೆದುಕೊಂಡದ್ದಕ್ಕಿಂತಲೂ, ಅತ್ಯಲ್ಪ ಆಹಾರದಲ್ಲಿ ದೀರ್ಘಕಾಲ ಬಾಳುವ ರೀತಿಯನ್ನು ರೂಢಿಸಿಕೊಂಡದ್ದೇ ಹೆಚ್ಚು ಗಮನಾರ್ಹ ಎಂಬುದು ನನ್ನ ಅಭಿಪ್ರಾಯ. ಆ ಕಾರಣಕ್ಕೆ ಆಹಾರದ ಪ್ರಶ್ನೆಗೆ ಉಳಿದವುಗಳಿಗಿಂತ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನೆಲಜೀರುಂಡೆ ಎಂದರೆ ಯಾವುದು? ಗುಹೆಯಲ್ಲಿ ಕಾಣುವ ಜೀರುಂಡೆಗಳೆಲ್ಲವೂ ಗುಹೆಯ ನಿವಾಸಿಗಳೇ?

ಉತ್ತರ: ಕ್ಯಾರಬಿಡೇ ಕುಟುಂಬಕ್ಕೆ ಸೇರಿದ ಜೀರುಂಡೆಗಳನ್ನು ನೆಲಜೀರುಂಡೆಗಳೆಂದು ಕರೆಯುತ್ತಾರೆ. ಜಗತ್ತಿನಲ್ಲಿ ಇವುಗಳ ಸುಮಾರು 40,000 ಪ್ರಭೇದಗಳನ್ನು ಗುರುತಿಸಲಾಗಿದೆ. ಹೆಚ್ಚಿನವು ಹಾರುವುದಕ್ಕಿಂತ ಓಡುವುದರಲ್ಲಿ ಚುರುಕು. ಹಗಲಿನಲ್ಲಿ ಕಲ್ಲು, ತರಗೆಲೆ, ಸಡಿಲ ತೊಗಟೆಗಳ ಅಡಿಯ ತೇವದಲ್ಲಿ ಅಡಗಿದ್ದು, ರಾತ್ರಿಯಲ್ಲಿ ಸಣ್ಣ ಹುಳುಗಳನ್ನು ಬೇಟೆಯಾಡುತ್ತವೆ. ಅಂದರೆ ಕತ್ತಲೆ, ತೇವ ಮತ್ತು ಇಕ್ಕಟ್ಟಾದ ಸಂದು ಈ ಕುಟುಂಬಕ್ಕೆ ಮೊದಲಿನಿಂದಲೂ ಪರಿಚಿತ. ಅದರಲ್ಲಿಯೂ ಟ್ರೆಕೈನೀ ಎಂಬ ಉಪಗುಂಪಿನ ಪುಟ್ಟ ಜೀರುಂಡೆಗಳು ತಂಪು ಕಾಡುಗಳ ಒದ್ದೆ ನೆಲವನ್ನು ಬಿಟ್ಟು ಕದಲುವುದೇ ಅಪರೂಪ. ಯುರೋಪು, ಚೀನಾ, ಜಪಾನ್ ಮತ್ತು ಅಮೆರಿಕದ ಗುಹೆಗಳಲ್ಲಿ ಈ ಗುಂಪಿನವೇ ಹೆಚ್ಚಾಗಿ ಕಾಣಸಿಗುವುದಕ್ಕೆ ಇದೇ ಕಾರಣ.

ಎರಡನೆಯ ಪ್ರಶ್ನೆಗೆ ಉತ್ತರ: ಅಲ್ಲ. ಮಳೆನೀರಿನೊಂದಿಗೆ ಕೊಚ್ಚಿಬಂದು ಒಳಗೆ ಸಿಕ್ಕಿಕೊಂಡವು ಇರುತ್ತವೆ, ತಂಪನ್ನರಸಿ ಬಂದು ಹೋಗುವವೂ ಇರುತ್ತವೆ. ಹುಟ್ಟು, ಸಂತಾನ, ಸಾವು ಎಲ್ಲವೂ ನೆಲದೊಳಗೇ ಆಗುವಂಥವನ್ನು ಮಾತ್ರ ನಿಜವಾದ ಗುಹಾವಾಸಿಗಳೆಂದು ಪರಿಗಣಿಸುತ್ತಾರೆ. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. 1831ರಲ್ಲಿ ಸ್ಲೊವೇನಿಯಾದ ಪೊಸ್ಟೊಯ್ನಾ ಗುಹೆಯಲ್ಲಿ ಲೂಕಾ ಚೆಚ್ ಎಂಬ ಕೆಲಸಗಾರನ ಕಣ್ಣಿಗೆ ಬಿದ್ದು, ಮರುವರ್ಷ ಫರ್ಡಿನಾಂಡ್ ಸ್ಮಿತ್ ಅವರು ವಿಜ್ಞಾನಕ್ಕೆ ಪರಿಚಯಿಸಿದ ಪ್ರಸಿದ್ಧ ಗುಹಾಜೀರುಂಡೆ ಲೆಪ್ಟೊಡೈರಸ್ ನೆಲಜೀರುಂಡೆಯಲ್ಲ. ಅದು ಕೊಳೆತ ವಸ್ತುಗಳನ್ನು ತಿನ್ನುವ ಬೇರೆ ಕುಟುಂಬದ್ದು. ಕಣ್ಣಿಲ್ಲದ ನೆಲಜೀರುಂಡೆಗೆ ವೈಜ್ಞಾನಿಕ ಹೆಸರು ಬಂದದ್ದು 1844ರಲ್ಲಿ, ಯಾಕೊಬ್ ಸ್ಟುರ್ಮ್ ಅವರು ಅನೊಫ್ಥಾಲ್ಮಸ್ ಎಂಬ ಹೊಸ ಕುಲವನ್ನು ಸ್ಥಾಪಿಸಿದಾಗ. ಅದೇ ವರ್ಷ ವಿಲ್ಹೆಲ್ಮ್ ಎರಿಕ್ಸನ್ ಅವರು ಅಮೆರಿಕದ ಮ್ಯಾಮತ್ ಗುಹೆಯ ಇನ್ನೊಂದು ಕುರುಡು ನೆಲಜೀರುಂಡೆಯನ್ನು ವರ್ಣಿಸಿದರು. ಅದರ ವಿಷಯ ಮುಂದೆ ಬರುತ್ತದೆ.

ಪ್ರಶ್ನೆ: ಬಳಸದಿದ್ದರೆ ಅಂಗ ನಶಿಸುತ್ತದೆ ಎಂದು ಕೇಳಿದ್ದೇವೆ. ಕತ್ತಲೆಯಲ್ಲಿ ಕಣ್ಣು ಬಳಸದೆ ಇದ್ದುದರಿಂದಲೇ ಇವು ಕುರುಡಾದವೇ?

ಉತ್ತರ: ಬಳಕೆ ತಪ್ಪಿದ್ದಕ್ಕೂ ಕಣ್ಣು ಹೋದದ್ದಕ್ಕೂ ಸಂಬಂಧವಿದೆ, ಆದರೆ ಅದು ನಾವು ಸಾಮಾನ್ಯವಾಗಿ ಊಹಿಸಿಕೊಳ್ಳುವ ರೀತಿಯದಲ್ಲ. ಒಂದು ಜೀರುಂಡೆ ತನ್ನ ಆಯುಷ್ಯವಿಡೀ ಕತ್ತಲೆಯಲ್ಲಿ ಕಳೆದರೂ ಅದರ ಮರಿಗಳು ಆ ಕಾರಣಕ್ಕೆ ಕಣ್ಣಿಲ್ಲದೆ ಹುಟ್ಟುವುದಿಲ್ಲ. ನಡೆಯುವುದು ಇಷ್ಟು: ಜೀನುಗಳಲ್ಲಿ ಆಗಾಗ ತಪ್ಪುಗಳು ಉಂಟಾಗುತ್ತಲೇ ಇರುತ್ತವೆ. ಬೆಳಕಿನಲ್ಲಿ ಬದುಕುವ ಕೀಟದಲ್ಲಿ ಕಣ್ಣನ್ನು ಕೆಡಿಸುವ ತಪ್ಪು ಉಂಟಾದರೆ ಆ ಕೀಟ ಬೇಗ ಸಾಯುತ್ತದೆ, ತಪ್ಪೂ ಅದರೊಂದಿಗೆ ಅಳಿಯುತ್ತದೆ. ಗುಹೆಯಲ್ಲಿ ಅಂಥ ತಪ್ಪಿಗೆ ಶಿಕ್ಷೆಯಿಲ್ಲ. ಹಾಗಾಗಿ ತಪ್ಪುಗಳು ಪೀಳಿಗೆಯಿಂದ ಪೀಳಿಗೆಗೆ ಸೇರುತ್ತಾ ಹೋಗುತ್ತವೆ. ಜೊತೆಗೆ, ಕಣ್ಣನ್ನು ಮತ್ತು ಅದಕ್ಕೆ ಸಂಬಂಧಿಸಿದ ನರಗಳನ್ನು ಬೆಳೆಸಿ ನಿರ್ವಹಿಸುವುದಕ್ಕೆ ಸಾಕಷ್ಟು ಶಕ್ತಿ ಬೇಕು. ಆಹಾರವೇ ದುರ್ಲಭವಾದ ಕಡೆ ಆ ವೆಚ್ಚವನ್ನು ಉಳಿಸಿಕೊಂಡ ಜೀವಿಗೆ ಅಷ್ಟರಮಟ್ಟಿಗೆ ಅನುಕೂಲವಾಗುತ್ತದೆ. ಈ ಎರಡರಲ್ಲಿ ಯಾವುದರ ಪಾಲು ಹೆಚ್ಚು ಎಂಬುದು ಜೀವಿಯಿಂದ ಜೀವಿಗೆ ಬದಲಾಗುತ್ತದೆ.

ಮೊದಲನೆಯದಕ್ಕೆ ಬಹಳ ಸ್ಪಷ್ಟವಾದ ಸಾಕ್ಷ್ಯ ಸಿಕ್ಕಿರುವುದು ನೆಲಜೀರುಂಡೆಗಳ ದೂರದ ಬಂಧುಗಳಾದ ನೀರುಜೀರುಂಡೆಗಳಲ್ಲಿ. ಪಶ್ಚಿಮ ಆಸ್ಟ್ರೇಲಿಯಾದ ಸುಣ್ಣಕಲ್ಲಿನ ಪದರಗಳೊಳಗಿನ ಅಂತರ್ಜಲದಲ್ಲಿ ಕಣ್ಣಿಲ್ಲದ ನೀರುಜೀರುಂಡೆಗಳಿವೆ. ಒಂದಕ್ಕೊಂದು ಸಂಪರ್ಕವಿಲ್ಲದ ಪದರಗಳಿಗೆ ಅವು ಬೇರೆಬೇರೆಯಾಗಿ ಇಳಿದಿವೆ. ಬೆಳಕನ್ನು ಗ್ರಹಿಸಲು ಬೇಕಾದ ಜೀನುಗಳು ಅವುಗಳಲ್ಲಿ ಒಂದೊಂದು ಪ್ರಭೇದದಲ್ಲಿ ಒಂದೊಂದು ಕಡೆ ತುಂಡಾಗಿರುವುದು ಪತ್ತೆಯಾಗಿದೆ. ಒಂದೇ ಬಗೆಯ ಕುರುಡುತನ ಅನೇಕ ಬಾರಿ, ಅನೇಕ ದಾರಿಗಳಿಂದ ಬಂದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಇದು ತೀರಾ ನಿಧಾನದ ಕ್ರಿಯೆಯಾದುದರಿಂದ ಎಲ್ಲ ಗುಹಾಜೀರುಂಡೆಗಳೂ ಒಂದೇ ಹಂತದಲ್ಲಿಲ್ಲ. ಕಾಕಸಸ್ ಪರ್ವತಗಳಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳವಿರುವ ಕ್ರೂಬೆರಾ ಗುಹೆಯಿಂದ 2014ರಲ್ಲಿ ವರ್ಣಿಸಲಾದ ಡುವಾಲಿಯಸ್ ಅಬಿಸ್ಸಿಮಸ್ ಎಂಬ ನೆಲಜೀರುಂಡೆಗೆ ಇನ್ನೂ ಕಣ್ಣುಗಳಿವೆ. ಗುಹೆ ಎಷ್ಟು ಆಳ ಎಂಬುದಕ್ಕಿಂತ ಆ ವಂಶ ಎಷ್ಟು ಕಾಲದಿಂದ ಒಳಗಿದೆ ಎಂಬುದು ಇಲ್ಲಿ ಮುಖ್ಯ. ಮ್ಯಾಮತ್ ಗುಹೆಯ ಟೊಮಾಫೇಗಸ್ ಹಿರ್ಟಸ್ ಎಂಬ ಇನ್ನೊಂದು ಕುಟುಂಬದ ಜೀರುಂಡೆಯನ್ನು ಬಹುಕಾಲ ಕುರುಡೆಂದೇ ನಂಬಲಾಗಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಳಕು ಮತ್ತು ಕತ್ತಲೆಯ ಆಯ್ಕೆ ಕೊಟ್ಟು ನೋಡಿದಾಗ ಅದು ಬೆಳಕಿನಿಂದ ದೂರ ಸರಿಯಿತು. ಚುಕ್ಕೆಯಷ್ಟಾಗಿ ಉಳಿದ ಅದರ ಕಣ್ಣು, ಗುಹೆಯ ಬಾಯಿಯ ಕಡೆಗೆ ಹೋಗದಂತೆ ತಡೆಯುವ ಕೆಲಸವನ್ನು ಈಗಲೂ ಮಾಡುತ್ತಿರಬಹುದು.

ಪ್ರಶ್ನೆ: ಕಣ್ಣೂ ಇಲ್ಲ, ಗುಹೆಯಲ್ಲಿ ಹಸಿರೂ ಇಲ್ಲ. ಹಾಗಾದರೆ ಇದು ತಿನ್ನುವುದೇನನ್ನು, ಅದನ್ನು ಹುಡುಕುವುದು ಹೇಗೆ?

ಉತ್ತರ: ಬೆಳಕಿಲ್ಲದ ಗುಹೆಯಲ್ಲಿ ಆಹಾರವೆಂಬುದು ಬಹುತೇಕ ಹೊರಗಿನಿಂದಲೇ ಬರಬೇಕು. ಪ್ರವಾಹ ತರುವ ಎಲೆ, ಕಡ್ಡಿ, ಬಾವಲಿಗಳ ಹಿಕ್ಕೆ, ಬಂಡೆಯ ಬಿರುಕಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಕರಗಿದ ಅಷ್ಟಿಷ್ಟು ಸಾವಯವ ಅಂಶ, ಇವೇ ಮೂಲ. ಅದರ ಮೇಲೆ ಬೂಸ್ಟು ಮತ್ತು ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಅವನ್ನು ಪುಟಿಬಾಲದ ಅತಿಸಣ್ಣ ಕೀಟಗಳೂ ನುಸಿಗಳೂ ಮೇಯುತ್ತವೆ, ಅವನ್ನು ನೆಲಜೀರುಂಡೆ ಹಿಡಿದು ತಿನ್ನುತ್ತದೆ. ಇದಕ್ಕೆ ಅಪವಾದವೂ ಉಂಟು. ರೊಮೇನಿಯಾದಲ್ಲಿ 1986ರಲ್ಲಿ ಪತ್ತೆಯಾದ ಮೊವಿಲೆ ಗುಹೆಯಲ್ಲಿ ಗಂಧಕದ ಸಂಯುಕ್ತಗಳಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳೇ ಇಡೀ ಆಹಾರ ಸರಪಳಿಯ ತಳಹದಿ. ಅಲ್ಲಿಯೂ ಕ್ಲಿವೀನಾ ಸಬ್‌ಟೆರೇನಿಯಾ ಎಂಬ ನೆಲಜೀರುಂಡೆ ಬೇರೂರಿದೆ.

ಆದರೆ ಆಹಾರದ ವಿಷಯದಲ್ಲಿ ನನ್ನನ್ನು ಬಹಳವಾಗಿ ಸೆಳೆದದ್ದು ಕೆಂಟಕಿಯ ಮ್ಯಾಮತ್ ಗುಹೆಯ ನಿಯಾಫೀನಾಪ್ಸ್ ಟೆಲ್‌ಕಾಂಪ್‌ಫಿ. ಎರಿಕ್ಸನ್ 1844ರಲ್ಲಿ ವರ್ಣಿಸಿದ್ದು ಇದನ್ನೇ. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಕೆಂಪು ಮಿಶ್ರಿತ ಕಂದು ಬಣ್ಣದ, ನೀಳಗಾಲಿನ ಕೀಟವಿದು. ಅದೇ ಗುಹೆಯಲ್ಲಿ ನೀಳವಾದ ಕಾಲು ಮತ್ತು ಕುಡಿಮೀಸೆಗಳ ಗುಹಾಮಿಡತೆಗಳಿವೆ. ಅವು ರಾತ್ರಿ ಹೊರಗೆ ಹೋಗಿ ಮೇದು, ಮರಳಿ ಗುಹೆಗೆ ಬಂದು ತಂಗುತ್ತವೆ. ಹೆಣ್ಣು ಮಿಡತೆ ತನ್ನ ಹಿಂಭಾಗದ ಚೂಪಾದ ನಾಳವನ್ನು ಗುಹೆಯ ನೆಲದ ಸಡಿಲ ಮರಳಿಗೆ ಇಳಿಸಿ ಒಂದೊಂದೇ ಮೊಟ್ಟೆಯನ್ನು ಹೂತಿಡುತ್ತದೆ. ಜೀರುಂಡೆಗೆ ಬೇಕಾದದ್ದು ಆ ಮೊಟ್ಟೆ. ಅದು ಕುಡಿಮೀಸೆಗಳನ್ನು ಮುಂದೆ ಚಾಚಿ, ಮರಳಿನ ಮೇಲ್ಮೈಯನ್ನು ತಟ್ಟಿ ತಡಕುತ್ತಾ ನಡೆಯುತ್ತದೆ. ಗುರುತು ಸಿಕ್ಕ ಕಡೆ ನಿಂತು, ತಲೆ ತಗ್ಗಿಸಿ, ಮುಂಗಾಲುಗಳಿಂದ ಮರಳನ್ನು ಕೆದರಿ ಹಿಂದಕ್ಕೆ ತಳ್ಳುತ್ತಾ ಗುಳಿ ತೋಡುತ್ತದೆ. ಮೊಟ್ಟೆ ಸಿಕ್ಕಿತೆಂದರೆ ದವಡೆಗಳಿಂದ ಕಚ್ಚಿ ಹೊರಗೆಳೆದು, ಸಿಪ್ಪೆಯನ್ನು ಚುಚ್ಚಿ, ಒಳಗಿನ ರಸವನ್ನು ಹೀರುತ್ತದೆ. ಜೀರುಂಡೆಯ ಗಾತ್ರಕ್ಕೆ ಹೋಲಿಸಿದರೆ ಮೊಟ್ಟೆ ಬಹಳ ದೊಡ್ಡದು. ಹೊಟ್ಟೆ ಉಬ್ಬಿ ಹೊರರೆಕ್ಕೆಗಳ ಅಂಚಿನಿಂದ ಹೊರಚಾಚುವಷ್ಟು ಊಟ ಒಮ್ಮೆಗೇ ಆಗುತ್ತದೆ. ಆಮೇಲೆ ಬಹಳ ದಿನ ಏನೂ ಸಿಗದಿದ್ದರೂ ಅದು ತಾಳಿಕೊಳ್ಳಬಲ್ಲದು.

ಮರಳು ಹೆಚ್ಚಿರುವ ಕಡೆಗಳಲ್ಲಿ ಮಿಡತೆಗಳಿಟ್ಟ ಮೊಟ್ಟೆಗಳ ಬಹುಪಾಲು ಹೀಗೆ ಜೀರುಂಡೆಯ ಪಾಲಾಗುತ್ತದೆ. ಜೀರುಂಡೆಯ ಕಾಟವಿರುವ ಗುಹೆಗಳಲ್ಲಿ ಮಿಡತೆಗಳ ಮೊಟ್ಟೆಯಿಡುವ ನಾಳ ಹೆಚ್ಚು ಉದ್ದವಾಗಿರುವುದನ್ನೂ ಸಂಶೋಧಕರು ಗುರುತಿಸಿದ್ದಾರೆ. ಆಳಕ್ಕೆ ಹೂತಿಟ್ಟ ಮೊಟ್ಟೆಯನ್ನು ತೋಡಿ ತೆಗೆಯುವುದು ಕಷ್ಟವಲ್ಲವೇ? ಇನ್ನೊಂದು ಆಶ್ಚರ್ಯವೆಂದರೆ, ಸಾವಿರಾರು ಕಿಲೋಮೀಟರುಗಳಲ್ಲದಿದ್ದರೂ ಬಹಳ ದೂರದ ಟೆಕ್ಸಸ್ಸಿನಲ್ಲಿ, ಟ್ರೆಕೈನೀ ಗುಂಪಿಗೆ ಸೇರದ ರಾಡೀನ್ ಎಂಬ ಬೇರೆಯೇ ಕುಲದ ನೆಲಜೀರುಂಡೆ, ಬೇರೆ ಕುಲದ ಗುಹಾಮಿಡತೆಯ ಮೊಟ್ಟೆಗಳನ್ನು ಇದೇ ರೀತಿ ತೋಡಿ ತಿನ್ನುತ್ತದೆ. ಎರಡು ವಂಶಗಳು ಪರಸ್ಪರ ಸಂಬಂಧವಿಲ್ಲದೆ ಒಂದೇ ಕಸುಬನ್ನು ಕಲಿತಿವೆ.

ಹುಡುಕುವ ವಿಧಾನದ ಬಗ್ಗೆ ಎರಡು ಮಾತು. ಕುಡಿಮೀಸೆಯೇ ಇದಕ್ಕೆ ಮುಖ್ಯ ಸಾಧನ. ವಾಸನೆ, ಸ್ಪರ್ಶ, ಗಾಳಿಯ ತೇವಾಂಶ, ಮೂರನ್ನೂ ಅದರ ಮೇಲಿನ ಸೂಕ್ಷ್ಮ ಸಂವೇದಕಗಳು ಗ್ರಹಿಸುತ್ತವೆ. ಬೆನ್ನ ಮೇಲೆ ಅಲ್ಲಲ್ಲಿ ನಿಂತಿರುವ ನೀಳವಾದ ರೋಮಗಳು ಗಾಳಿಯ ಅತಿಸಣ್ಣ ಅಲುಗಾಟಕ್ಕೂ ಬಾಗುತ್ತವೆ. ನೆಲಜೀರುಂಡೆಯ ಮುಂಗಾಲಿನ ಒಳಬದಿಯಲ್ಲಿ ಬಿರುಗೂದಲುಗಳಿಂದ ಕೂಡಿದ ಒಂದು ಕಚ್ಚು ಇರುತ್ತದೆ. ಕೀಟ ಆಗಾಗ ನಿಂತು ಕುಡಿಮೀಸೆಯನ್ನು ಆ ಕಚ್ಚಿನೊಳಗೆ ಸಿಕ್ಕಿಸಿ, ಬುಡದಿಂದ ತುದಿಯವರೆಗೆ ಎಳೆದು ಮಣ್ಣು ಒರೆಸಿಕೊಳ್ಳುತ್ತದೆ. ಮೇಲ್ನೆಲದ ನೆಲಜೀರುಂಡೆಗಳಿಗೂ ಈ ಕಚ್ಚು ಉಂಟು. ಆದರೆ ಕಣ್ಣಿಲ್ಲದ ಜೀವಿಗೆ ಕುಡಿಮೀಸೆಯ ಮೇಲೆ ಕೂತ ಮಣ್ಣಿನ ಕಣವೇ ಕುರುಡುತನ ಎಂಬುದನ್ನು ನೆನೆದರೆ ಅದರ ಬೆಲೆ ಅರ್ಥವಾಗುತ್ತದೆ.

ಪ್ರಶ್ನೆ: ಗುಹೆಯ ಮೀನುಗಳು ಬಿಳಿಚಿಕೊಂಡಿರುತ್ತವೆ. ಜೀರುಂಡೆ ಮಾತ್ರ ಕೆಂಪುಗಂದು ಬಣ್ಣದ್ದಾಗಿರುವುದೇಕೆ?

ಉತ್ತರ: ಮೇಲ್ನೆಲದ ನೆಲಜೀರುಂಡೆಗಳಲ್ಲಿ ಸಾಮಾನ್ಯವಾದ ಕಪ್ಪು ವರ್ಣದ್ರವ್ಯ ಇವುಗಳಲ್ಲಿಯೂ ಕಡಿಮೆಯಾಗಿದೆ. ಉಳಿದ ಕಂದು ಬಣ್ಣ ಅಲಂಕಾರದ್ದಲ್ಲ. ಕೀಟದ ಹೊರಕವಚ ಗಟ್ಟಿಯಾಗುವಾಗ ಅದರ ಪ್ರೋಟೀನುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಆ ಬೆಸುಗೆಯಿಂದಲೇ ಜೇನಿನಂಥ ಬಣ್ಣ ಬರುತ್ತದೆ. ಕೋಶದಿಂದ ಆಗತಾನೆ ಹೊರಬಂದ ಜೀರುಂಡೆ ಪೇಲವವಾಗಿಯೇ ಇರುತ್ತದೆ.

ಪ್ರಶ್ನೆ: ಹಗಲು ರಾತ್ರಿಗಳಿಲ್ಲದ, ಋತುಗಳಿಲ್ಲದ ಜಾಗದಲ್ಲಿ ಸಂತಾನೋತ್ಪತ್ತಿಯ ಕಾಲವನ್ನು ಇದು ಹೇಗೆ ತಿಳಿಯುತ್ತದೆ? ಎಷ್ಟು ವರ್ಷ ಬದುಕುತ್ತದೆ?

ಉತ್ತರ: ಗುಹೆಯ ಆಳದಲ್ಲಿ ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ, ಮ್ಯಾಮತ್ ಗುಹೆಯಲ್ಲಿ ಅದು ಸುಮಾರು 12ರಿಂದ 13 ಡಿಗ್ರಿ ಸೆಲ್ಸಿಯಸ್. ಆದರೂ ಋತು ಅಲ್ಲಿಗೆ ತಲುಪದೆ ಇರುವುದಿಲ್ಲ. ಮಿಡತೆಗಳು ಹೊರಗೆ ಮೇಯುವುದರಿಂದ ಅವು ಮೊಟ್ಟೆಯಿಡುವ ಪ್ರಮಾಣ ಹೊರಗಿನ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಮೊಟ್ಟೆಗಳು ಹೇರಳವಾದ ಕಾಲದ ಬೆನ್ನಿಗೆ ನಿಯಾಫೀನಾಪ್ಸ್ ಕೂಡ ಸಂತಾನೋತ್ಪತ್ತಿಯಲ್ಲಿ ತೊಡಗುತ್ತದೆ. ಋತುವಿನ ಸುದ್ದಿ ಅದಕ್ಕೆ ತಿಳಿಯುವುದು ಊಟದ ಮೂಲಕ. ಪ್ರವಾಹ ಬರುವ ಗುಹೆಗಳಲ್ಲಿ ನೀರೂ ಅದೇ ಕೆಲಸ ಮಾಡಬಲ್ಲದು. ದಿನದ ಲಯದ ಮಾತು ಬೇರೆ: ಕೆಲವು ಗುಹಾಜೀರುಂಡೆಗಳಲ್ಲಿ ಅದರ ದುರ್ಬಲ ಕುರುಹು ಉಳಿದಿದೆ, ಕೆಲವು ದಿನವಿಡೀ ಯಾವಾಗ ಬೇಕಾದರೂ ಎಚ್ಚೆತ್ತು ಓಡಾಡುತ್ತವೆ.

ಇವು ಮೇಲ್ನೆಲದ ಬಂಧುಗಳಿಗಿಂತ ಕಡಿಮೆ ಮೊಟ್ಟೆಗಳನ್ನು ಇಡುತ್ತವೆ, ಆದರೆ ಪ್ರತಿಯೊಂದೂ ದೊಡ್ಡದು, ಪೋಷಕಾಂಶ ತುಂಬಿದ್ದು. ಮರಿಹುಳು ಮೊದಲ ದಿನಗಳಲ್ಲೇ ಹಸಿವಿನಿಂದ ಸಾಯದಂತೆ ತಾಯಿ ಕಟ್ಟಿಕೊಟ್ಟ ಬುತ್ತಿಯದು. ಈ ಪ್ರವೃತ್ತಿಯ ತುತ್ತತುದಿ ಕಂಡುಬಂದಿರುವುದು ಲೆಪ್ಟೊಡೈರಸ್ಸಿನ ಕುಟುಂಬದಲ್ಲಿ. ಫ್ರಾನ್ಸಿನ ಮೂಲಿಸ್ ಎಂಬಲ್ಲಿ 1948ರಲ್ಲಿ ಸ್ಥಾಪನೆಯಾದ ಭೂಗತ ಪ್ರಯೋಗಾಲಯದಲ್ಲಿ ಸಿಲ್ವಿ ಡೆಲ್ಯುರಾನ್ಸ್-ಗ್ಲಾಸೊನ್ ಅವರು ಸ್ಪಿಯೊನೋಮಸ್ ಜೀರುಂಡೆಗಳನ್ನು ಸಾಕಿ ಅವುಗಳ ಜೀವನಚಕ್ರವನ್ನು ತಾಳ್ಮೆಯಿಂದ ದಾಖಲಿಸಿದರು. ಅವುಗಳಲ್ಲಿ ಒಂದು ಪ್ರಭೇದ ಒಮ್ಮೆಗೆ ಒಂದೇ ದೊಡ್ಡ ಮೊಟ್ಟೆಯಿಡುತ್ತದೆ. ಅದರಿಂದ ಹೊರಬಂದ ಮರಿಹುಳು ಏನನ್ನೂ ತಿನ್ನದೆ, ಜೇಡಿಮಣ್ಣಿನ ಪುಟ್ಟ ಗೂಡು ಕಟ್ಟಿಕೊಂಡು ಒಳಗೆ ಮುಚ್ಚಿಕೊಂಡು, ತಿಂಗಳುಗಳ ಬಳಿಕ ಪೂರ್ಣ ಜೀರುಂಡೆಯಾಗಿ ಹೊರಬರುತ್ತದೆ. ಮೇಲ್ನೆಲದ ಕೀಟವೊಂದು ತನ್ನ ಬೆಳವಣಿಗೆಯ ಹೊತ್ತಿನಲ್ಲಿ ಎಡೆಬಿಡದೆ ತಿನ್ನುವುದನ್ನು ಬಲ್ಲವರಿಗೆ ಇದು ನಂಬಲಾಗದ ಸಂಗತಿ. ಇನ್ನು ಆಯುಷ್ಯ: ಗುಹೆಯ ನೆಲಜೀರುಂಡೆ ಪ್ರೌಢಾವಸ್ಥೆಯಲ್ಲಿ ಹಲವು ವರ್ಷ ಬದುಕಬಲ್ಲದು.

ಪ್ರಶ್ನೆ: ಒಂದೊಂದು ಗುಹೆಗೆ ಒಂದೊಂದು ಪ್ರಭೇದ ಇದೆಯಂತೆ. ಹಾಗಿದ್ದರೆ ಇವು ಒಳಗೆ ಸೇರಿದ್ದು ಹೇಗೆ? ಹೊರಗೆ ಬಂದು ಬೇರೆ ಗುಹೆಗೆ ಹೋಗಲಾರವೇ?

ಉತ್ತರ: ಹೋಗಲಾರವು. ಹಾರುವ ರೆಕ್ಕೆಗಳು ಅಳಿದುಹೋಗಿವೆ. ಕವಚ ತೆಳುವಾಗಿರುವುದರಿಂದ ಒಣಗಾಳಿಯಲ್ಲಿ ದೇಹದ ನೀರು ಬೇಗ ಆರುತ್ತದೆ. ತೇವಾಂಶ ನೂರರ ಹತ್ತಿರವಿರುವ ಗುಹೆಯಿಂದ ತೆರೆದ ಬಿಸಿಲಿಗೆ ಬಂದರೆ ಸಾವು ಖಚಿತ. ಹೀಗೆ ಕಣಿವೆಯೊಂದು ಅಡ್ಡಬಂದರೂ ಸಾಕು, ಎರಡು ಸುಣ್ಣಕಲ್ಲಿನ ಬೆಟ್ಟಗಳ ಜೀರುಂಡೆಗಳು ಬೇರೆ ಬೇರೆಯಾಗಿಯೇ ವಿಕಾಸ ಹೊಂದುತ್ತವೆ. ಪೂರ್ವ ಅಮೆರಿಕದ ಸೂಡನೊಫ್ಥಾಲ್ಮಸ್ ಎಂಬ ಒಂದೇ ಕುಲದಲ್ಲಿ ಸುಮಾರು 150 ಪ್ರಭೇದಗಳಿವೆ, ಅವುಗಳಲ್ಲಿ ಅನೇಕವು ಒಂದೇ ಗುಹೆಯಿಂದ ಮಾತ್ರ ತಿಳಿದಿವೆ. ಈ ಕುಲದ ಅಧ್ಯಯನಕ್ಕೆ ಜೀವಮಾನವನ್ನೇ ಮೀಸಲಿಟ್ಟ ಥಾಮಸ್ ಬಾರ್ ಅವರ ವಾದ ಹೀಗಿತ್ತು: ಹಿಮಯುಗದ ತಂಪಿನಲ್ಲಿ ಕಾಡಿನ ನೆಲದಲ್ಲಿ ವಿಸ್ತಾರವಾಗಿ ಹರಡಿದ್ದ ಪೂರ್ವಜರು, ಹವೆ ಬಿಸಿಯಾಗುತ್ತಾ ಒಣಗುತ್ತಾ ಬಂದಾಗ ಗುಹೆಗಳಲ್ಲಿ ಮಾತ್ರ ಉಳಿದುಕೊಂಡರು. ಆದರೆ ಈ ವಿವರಣೆ ಎಲ್ಲ ಕಡೆಗೂ ಹೊಂದುವುದಿಲ್ಲ. ಫ್ರಾನ್ಸ್ ಮತ್ತು ಸ್ಪೇನಿನ ನಡುವಿನ ಪಿರಿನೀಸ್ ಪರ್ವತಗಳ ಅಫೀನಾಪ್ಸ್ ಮತ್ತು ಅದರ ಬಂಧುಗಳ ಡಿಎನ್‌ಎ ಪರಿಶೀಲಿಸಿದಾಗ, ಅವೆಲ್ಲವೂ ಸುಮಾರು ಒಂದು ಕೋಟಿ ವರ್ಷಗಳ ಹಿಂದಿನ ಒಂದೇ ಪೂರ್ವಜನಿಂದ ಕವಲೊಡೆದವು ಎಂದು 2010ರಲ್ಲಿ ತಿಳಿದುಬಂತು. ಅಲ್ಲಿ ನೆಲದೊಳಗಿನ ಬದುಕು ಹಿಮಯುಗಗಳಿಗಿಂತ ಬಹಳ ಹಳೆಯದು. ಒಳಗೆ ಇಳಿದ ಮೇಲೆಯೂ ವಂಶ ಕವಲೊಡೆಯುತ್ತಲೇ ಇದೆ.

ಗುಹೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಮನುಷ್ಯ ನಡೆದಾಡಬಹುದಾದ ಸುರಂಗ. ಜೀರುಂಡೆಗೆ ಆ ಅಳತೆ ಮುಖ್ಯವಲ್ಲ. ಕ್ರಿಸ್ಟಿಯಾನ್ ಜುಬೆರ್ತಿ ಮತ್ತು ಸಂಗಡಿಗರು 1980ರಲ್ಲಿ ತೋರಿಸಿಕೊಟ್ಟಂತೆ, ಬೆಟ್ಟದ ತಪ್ಪಲಿನಲ್ಲಿ ಮಣ್ಣಿನ ಹೊದಿಕೆಯ ಕೆಳಗೆ ಒಡೆದ ಕಲ್ಲುಗಳ ನಡುವಿನ ಸಂದುಗಳಲ್ಲಿಯೂ ಇದೇ ಜೀರುಂಡೆಗಳು ವಾಸಿಸುತ್ತವೆ. ಬಹುಶಃ ಗುಹೆಗಿಂತ ಆ ಸಂದುಗಳ ಜಾಲವೇ ಅವುಗಳ ನಿಜವಾದ ಮನೆ. ನಾವು ಗುಹೆಯಲ್ಲಿ ನೋಡುವುದು ಆ ಜಾಲ ನಮ್ಮ ಅಳತೆಗೆ ತೆರೆದುಕೊಂಡ ಒಂದು ಭಾಗವನ್ನು ಮಾತ್ರ. ಹಾಗೆಂದು ವಿಶಾಲವಾದ ಗುಹೆಗೇ ಒಗ್ಗಿದವು ಇಲ್ಲವೆಂದಲ್ಲ. ದಕ್ಷಿಣ ಚೀನಾದ ಗುವಾಂಗ್ಶಿ ಪ್ರಾಂತ್ಯದ ದುಆನ್ ಪ್ರದೇಶದಿಂದ 2017ರಲ್ಲಿ ವರ್ಣಿಸಲಾದ ಕ್ಸುಡೈಟೀಸ್ ಬೆಲ್ಲಸ್ ಸುಮಾರು 9 ಮಿಲಿಮೀಟರ್ ಉದ್ದವಿದ್ದು, ಅದರ ತಲೆಯೂ ಎದೆಯೂ ಸಪುರವಾಗಿ ನೀಳಗೊಂಡಿರುವುದರಿಂದ ಜೀರುಂಡೆಯೆಂದು ಗುರುತಿಸುವುದೇ ಕಷ್ಟ.

ಪ್ರಶ್ನೆ: ಒಂದು ಗುಹಾಜೀರುಂಡೆಗೆ ಹಿಟ್ಲರನ ಹೆಸರಿದೆ ಎಂದು ಓದಿದೆ. ಅದನ್ನು ಬದಲಾಯಿಸಬಾರದೇ?

ಉತ್ತರ: ಇರುವುದು ನಿಜ. ಸ್ಲೊವೇನಿಯಾದ ಕೆಲವೇ ಗುಹೆಗಳಲ್ಲಿರುವ ಅನೊಫ್ಥಾಲ್ಮಸ್ ಪ್ರಭೇದವೊಂದಕ್ಕೆ 1937ರಲ್ಲಿ ಆಸ್ಕರ್ ಶೈಬೆಲ್ ಎಂಬ ಸಂಗ್ರಾಹಕ ಆ ಹೆಸರಿಟ್ಟ. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಕ್ರಮಬದ್ಧವಾಗಿ ಇಟ್ಟ ಮೊದಲ ಹೆಸರಿಗೇ ಮಾನ್ಯತೆ. ನೈತಿಕ ಕಾರಣಗಳಿಗಾಗಿ ಹೆಸರುಗಳನ್ನು ಬದಲಿಸಲು ಸಂಬಂಧಿಸಿದ ಆಯೋಗ 2023ರಲ್ಲಿಯೂ ಒಪ್ಪಲಿಲ್ಲ. ಹೆಸರಿನ ಸ್ಥಿರತೆ ವಿಜ್ಞಾನಕ್ಕೆ ಅಗತ್ಯವೆಂಬುದನ್ನು ಒಪ್ಪುತ್ತೇನೆ, ಆದರೂ ಈ ಹೆಸರು ಉಳಿದಿರುವುದು ನೋವಿನ ಸಂಗತಿ. ಏಕೆಂದರೆ ಅದು ಕೀಟಕ್ಕೇ ಕೇಡು ತಂದಿದೆ. ನಾಜಿ ಕಾಲದ ವಸ್ತುಗಳನ್ನು ಸಂಗ್ರಹಿಸುವವರು ಈ ಜೀರುಂಡೆಗೆ ಹಣ ತೆರುತ್ತಾರೆ, ಅದಕ್ಕಾಗಿ ಗುಹೆಗಳಲ್ಲಿ ಕಳ್ಳತನದಿಂದ ಬೋನುಗಳನ್ನು ಇಡುತ್ತಾರೆ. ನೆಲಕ್ಕೆ ಸಮನಾಗಿ ಹೂತು ಒಳಗೆ ಎರೆ ಇಟ್ಟ ಲೋಟಗಳವು; ಅವನ್ನು ಹಾಗೆಯೇ ಬಿಟ್ಟುಹೋದರೆ ಬೀಳುವ ಕೀಟಗಳೆಲ್ಲ ಸಾಯುತ್ತಲೇ ಇರುತ್ತವೆ. ವರ್ಷಕ್ಕೆ ಕೆಲವೇ ಮೊಟ್ಟೆಯಿಡುವ ಜೀವಿ ಆ ನಷ್ಟವನ್ನು ತುಂಬಿಕೊಳ್ಳಲಾರದು.

ಪ್ರಶ್ನೆ: ಇಂಥ ಸಣ್ಣ ಕೀಟವನ್ನು ಕಾನೂನಿನಿಂದ ರಕ್ಷಿಸಲು ಸಾಧ್ಯವೇ? ಗುಹೆಯ ಬಾಯಿಗೆ ಬಾಗಿಲು ಹಾಕಿದರೆ ಸಾಕಾಗುವುದಿಲ್ಲವೇ?

ಉತ್ತರ: ಕಾನೂನಿನ ರಕ್ಷಣೆ ಈಗಾಗಲೇ ಕೆಲವು ಕಡೆ ಇದೆ. ಟೆಕ್ಸಸ್ಸಿನ ಆಸ್ಟಿನ್ ನಗರದ ಸುತ್ತಲಿನ ರಾಡೀನ್ ಪರ್ಸೆಫೊನಿಯನ್ನು 1988ರಲ್ಲಿ, ಸ್ಯಾನ್ ಆಂಟೋನಿಯೊ ಬಳಿಯ ರಾಡೀನ್ ಎಕ್ಸಿಲಿಸ್ ಮತ್ತು ರಾಡೀನ್ ಇನ್ಫರ್ನಾಲಿಸ್ ಪ್ರಭೇದಗಳನ್ನು 2000ದ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಎರಡೂ ವೇಗವಾಗಿ ಬೆಳೆಯುತ್ತಿರುವ ನಗರಗಳು. ಮನೆ, ರಸ್ತೆ ಕಟ್ಟುವಾಗ ಗುಹೆಗಳು ಮುಚ್ಚಿಹೋಗುವುದು, ಕೊಳಚೆ ಒಳಗಿಳಿಯುವುದು ದೊಡ್ಡ ಅಪಾಯ.

ಬಾಗಿಲು ಹಾಕಿದರೆ ಸಾಲದು, ಅಡ್ಡಪಟ್ಟಿಗಳು ಒತ್ತಾಗಿದ್ದರೆ ಕೆಡುಕೇ ಆದೀತು. ಆಹಾರದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇಲ್ಲಿಗೂ ಅನ್ವಯಿಸಿ ನೋಡಬೇಕು. ಗುಹೆಯನ್ನು ಜೀವಂತವಾಗಿಡುವುದು ಅದರೊಳಕ್ಕೆ ಬಂದು ಹೋಗುವ ಪ್ರಾಣಿಗಳು. ಟೆಕ್ಸಸ್ಸಿನ ಗುಹಾಮಿಡತೆಗಳು ರಾತ್ರಿ ಮೇಯಲು ಗುಹೆಯ ಬಾಯಿಯಿಂದ ನೂರು ಮೀಟರಿನಷ್ಟು ದೂರದವರೆಗೂ ಹೋಗುವುದನ್ನು ಗುರುತು ಹಚ್ಚಿದ ಮಿಡತೆಗಳ ಮೂಲಕ ಕಂಡುಕೊಂಡಿದ್ದಾರೆ. ಹಾಗಾಗಿ ಅಲ್ಲಿ ಸಂರಕ್ಷಿತ ಪ್ರದೇಶದ ಗಡಿಯನ್ನು ಎಳೆಯುವಾಗ ಮಿಡತೆ ಮೇಯುವ ಹುಲ್ಲು, ಗಿಡ, ಮರಗಳನ್ನೂ ಒಳಗೆ ಸೇರಿಸಿಕೊಳ್ಳಬೇಕಾಗುತ್ತದೆ. ಜೊತೆಗೆ ದಕ್ಷಿಣ ಅಮೆರಿಕದಿಂದ ಬಂದು ನೆಲೆಯೂರಿದ ಕೆಂಪು ಬೆಂಕಿ ಇರುವೆಗಳ ಕಾಟವೂ ಇದೆ. ಅವು ಹೊರಗೆ ಮಿಡತೆಗಳ ಆಹಾರವನ್ನು ಕಸಿಯುತ್ತವೆ, ಗುಹೆಯೊಳಗೂ ನುಗ್ಗಿ ಬೇಟೆಯಾಡುತ್ತವೆ. ಇರುವೆಗಳಿಗೆ ವಿಷದ ತಿಂಡಿ ಇಟ್ಟರೆ ಅದನ್ನು ಮಿಡತೆಗಳೂ ತಿಂದು ಗುಹೆಗೆ ಒಯ್ಯುವ ಭಯವಿರುವುದರಿಂದ, ಗುಹೆಗಳ ಹತ್ತಿರದ ಇರುವೆಗೂಡುಗಳಿಗೆ ಅಲ್ಲಿನ ಕಾರ್ಯಕರ್ತರು ಕುದಿಯುವ ನೀರನ್ನು ಹೊತ್ತೊಯ್ದು ಸುರಿಯುತ್ತಾರೆ. ಇರುವೆಗಳು ಮತ್ತೆ ಗೂಡು ಕಟ್ಟುವುದರಿಂದ ಈ ಕೆಲಸವನ್ನು ಪ್ರತಿವರ್ಷವೂ ಮಾಡಬೇಕಾಗುತ್ತದೆ.